ಒಂದು ನಿಮಿಷವು ನಲವತ್ತೊಂಬತ್ತು ದಿನಗಳಾದ ಬಗೆ

ಅಲೀಪುರದ ಹೊರವಲಯದಲ್ಲಿ ಒಂದು ಹಿಪ್ಪುನೇರಳೆ ತೋಟವುಂಟು. ತೋಟದ ಒಂದು ಅಂಚಿನಲ್ಲಿ ಕೊಳವೆ ಬಾವಿ. ಅಲ್ಲಿಂದ ಸುಮಾರು ಅರ್ಧ ಕಿಲೋಮೀಟರು ದೂರದ ದಿಬ್ಬದ ಮೇಲೆ ನೀರು ಕೂಡಿಡುವ ತೊಟ್ಟಿ. ಗೌರಿಬಿದನೂರು ಸೀಮೆಯಲ್ಲಿ ಬೇಸಾಯ ಮಾಡುವವರಿಗೆ ಇಂಥ ಏರ್ಪಾಟಿನ ಅಗತ್ಯವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರು ಫೇಸಿನ ವಿದ್ಯುತ್ತು ಬಂದಾಗ ನೀರೆತ್ತಿ ತೊಟ್ಟಿ ತುಂಬಿಕೊಳ್ಳಬೇಕು. ಬೇಕಾದಾಗ ಗಿಡಕ್ಕೆ ಹಾಯಿಸಬೇಕು. ವಿದ್ಯುತ್ತು ಬರುವುದು ಅನೇಕ ವೇಳೆ ನಡುರಾತ್ರಿಯಲ್ಲಿ. ತೊಟ್ಟಿ ತುಂಬಿತೋ ಇಲ್ಲವೋ ಎಂದು ಕತ್ತಲಲ್ಲಿ ದಿಬ್ಬ ಹತ್ತಿ ನೋಡಿ, ಮತ್ತೆ ಬಾವಿಯ ಬಳಿಗೆ ಬಂದು ಸ್ಟಾರ್ಟರನ್ನು ಆರಿಸುವುದು ತೋಟದ ಯಜಮಾನರಿಗೆ ನಿತ್ಯದ ಶ್ರಮವಾಗಿತ್ತು.

ಈ ಶ್ರಮವನ್ನು ತಪ್ಪಿಸುವೆವೆಂದು ನನ್ನ ಪದವಿ ತರಗತಿಯ ವಿದ್ಯಾರ್ಥಿಗಳು ಮುಂದೆ ಬಂದರು. ಅವರು ಎರಡು ಪುಟ್ಟ ಪೆಟ್ಟಿಗೆಗಳನ್ನು ಕಟ್ಟಿದರು. ತೊಟ್ಟಿಯ ಪೆಟ್ಟಿಗೆಯು ನೀರಿನ ಮಟ್ಟವನ್ನು ಅಳೆದು ಹತ್ತು ಸೆಕೆಂಡಿಗೊಮ್ಮೆ ನಿಸ್ತಂತು ಸಂದೇಶವನ್ನು ಕಳುಹಿಸುತ್ತದೆ. ಬಾವಿಯ ಪೆಟ್ಟಿಗೆಯು ಅದನ್ನು ಓದಿ, ತೊಟ್ಟಿ ತುಂಬಿದೊಡನೆ ಮೋಟಾರನ್ನು ನಿಲ್ಲಿಸುತ್ತದೆ. ಇದರ ಜೊತೆಗೆ ಒಂದು ರಕ್ಷಣೆಯ ನಿಯಮವನ್ನೂ ಇಟ್ಟಿದ್ದರು: ಯಾವ ಕಾರಣದಿಂದಲಾದರೂ ಸರಿ, 30 ಸೆಕೆಂಡುಗಳ ಕಾಲ ಸಂದೇಶವೇ ಬಾರದಿದ್ದರೆ ಮೋಟಾರು ನಿಲ್ಲಬೇಕು. ಪ್ರಯೋಗಶಾಲೆಯಲ್ಲಿ ಮೋಟಾರಿನ ಬದಲು ಒಂದು ದೀಪವನ್ನಿಟ್ಟು ಪರೀಕ್ಷಿಸಿದೆವು. ಒಂದು ಪೆಟ್ಟಿಗೆಯ ಬ್ಯಾಟರಿಯನ್ನು ಕಿತ್ತೊಡನೆ, ಎಣಿಸಿದಂತೆ ಮೂವತ್ತನೆಯ ಸೆಕೆಂಡಿಗೆ ದೀಪ ಆರಿತು.

ತೋಟದಲ್ಲಿ ಇಟ್ಟ ಮೇಲೆ ಒಂದು ತೊಡಕು ಕಾಣಿಸಿತು. ನಡುವಣ ಮರಗಳ ದೆಸೆಯಿಂದ ಆಗಾಗ ಮೂರು ನಾಲ್ಕು ಸಂದೇಶಗಳು ತಪ್ಪಿಹೋಗುತ್ತಿದ್ದವು. ಮೋಟಾರು ಸುಮ್ಮಸುಮ್ಮನೆ ನಿಲ್ಲುತ್ತಿತ್ತು. "ಅರ್ಧ ನಿಮಿಷ ಸಾಲದು, ಮೇಷ್ಟ್ರೆ, ಒಂದು ನಿಮಿಷ ಮಾಡಿಸಿಬಿಡಿ" ಎಂದರು ಯಜಮಾನರು. ಪ್ರೋಗ್ರಾಮಿನಲ್ಲಿ 30 ಎಂದಿದ್ದುದನ್ನು 60 ಎಂದು ತಿದ್ದಿದ್ದಾಯಿತು. ಆಗ ಪರದೆಯ ಮೇಲೆ ಒಂದು ಎಚ್ಚರಿಕೆಯ ಸಾಲು ಮೂಡಿತು. ಅದನ್ನು ನನಗೆ ತೋರಿಸಿದ ವಿದ್ಯಾರ್ಥಿನಿಗೆ, "ಎಚ್ಚರಿಕೆ ತಾನೆ, ತಪ್ಪೆಂದು ಹೇಳಿಲ್ಲವಲ್ಲ, ಕೆಲಸ ನಡೆಯಲಿ" ಎಂದು ಉತ್ತರ ಕೊಟ್ಟವನು ನಾನೇ. ಪುನಃ ಬ್ಯಾಟರಿ ಕಿತ್ತು ಪರೀಕ್ಷಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಮೂರು ವಾರಗಳ ತರುವಾಯ ಒಂದು ರಾತ್ರಿ ತೊಟ್ಟಿಯ ಪೆಟ್ಟಿಗೆಯ ಬ್ಯಾಟರಿ ಬರಿದಾಯಿತು. ಸಂದೇಶಗಳು ನಿಂತವು, ಮೋಟಾರು ನಿಲ್ಲಲಿಲ್ಲ. ತೊಟ್ಟಿ ತುಂಬಿ ಉಕ್ಕಿ ದಿಬ್ಬದಿಂದ ಕೆಳಗೆ ಹರಿಯಿತು. ಬೆಳಗಿನ ಜಾವದ ಹೊತ್ತಿಗೆ ಕೊಳವೆ ಬಾವಿಯಲ್ಲಿ ಎತ್ತಲು ನೀರಿಲ್ಲದೆ, ಮೋಟಾರು ಒಣಗಿ ಓಡಿ, ಅದರ ವೈಂಡಿಂಗು ಸುಟ್ಟುಹೋಯಿತು. ನೂರಾರು ಅಡಿ ಆಳದಿಂದ ಮೋಟಾರನ್ನು ಎತ್ತಿಸಿ, ಸುತ್ತಿಸಿ, ಪುನಃ ಇಳಿಸುವುದೆಂದರೆ ಏನೆಂಬುದು ಈ ಸೀಮೆಯ ರೈತರೆಲ್ಲರಿಗೂ ಗೊತ್ತು. ಅಷ್ಟರಲ್ಲಿ ಹುಳುವಿಗೆ ಸೊಪ್ಪು ಬೇಕಾದ ಕಾಲವೂ ಬಂದಿತ್ತು.

ತಂತಿ ಸರಿಯಾಗಿತ್ತು, ಬೋರ್ಡು ಸರಿಯಾಗಿತ್ತು, ನಿಯಮವೂ ಸರಿಯಾಗಿತ್ತು. ದೋಷವಿದ್ದುದು ನಾವು ಓದಿಯೂ ಓದದೆ ಬಿಟ್ಟ ಆ ಒಂದು ಸಾಲಿನಲ್ಲಿ. ಅದರಲ್ಲಿ 'ಇಂಟಿಜರ್ ಓವರ್‌ಫ್ಲೋ ಇನ್ ಎಕ್ಸ್‌ಪ್ರೆಷನ್' ಎಂದಿತ್ತು. ಅಂದರೆ, ಲೆಕ್ಕದ ನಡುವೆ ಪೂರ್ಣಾಂಕವು ಉಕ್ಕಿದೆ ಎಂದರ್ಥ. ಅಷ್ಟೇ ಅಲ್ಲ, ಫಲವು −5536 ಎಂಬುದನ್ನೂ ಅದು ಸ್ಪಷ್ಟವಾಗಿ ಮುದ್ರಿಸಿತ್ತು. ಒಂದು ನಿಮಿಷವು ಋಣಸಂಖ್ಯೆಯಾದುದು ಹೇಗೆ? ಋಣಸಂಖ್ಯೆಯಾದರೆ ಮೋಟಾರು ನಿಲ್ಲದಿರುವುದೇಕೆ? ಇದನ್ನು ತುಸು ವಿವರವಾಗಿ ನೋಡೋಣ.

ನಾವು ಬರೆಯುವ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸಿಕೊಡುವ ಸಾಧನಕ್ಕೆ ಕಂಪೈಲರು ಎಂದು ಹೆಸರು. ಇಂಥ ಸಣ್ಣ ಯಂತ್ರಗಳಿಗೆ ಬಳಸುವ ಭಾಷೆಯು ಬಹುಮಟ್ಟಿಗೆ ಸಿ ಎಂಬುದು. 1970 ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿಯವರು ರೂಪಿಸಿದ್ದು. ಕಂಪೈಲರು ಎರಡು ಬಗೆಯ ಮಾತುಗಳನ್ನಾಡುತ್ತದೆ. ವ್ಯಾಕರಣವೇ ತಪ್ಪಿದ್ದರೆ ಭಾಷಾಂತರ ಮಾಡಲೊಲ್ಲೆನೆಂದು ನಿಂತುಬಿಡುತ್ತದೆ, ಇದು ದೋಷ. ವ್ಯಾಕರಣ ಸರಿಯಿದ್ದು ಅರ್ಥದಲ್ಲಿ ಸಂದೇಹ ತೋರಿದರೆ, ಭಾಷಾಂತರವನ್ನು ಮಾಡಿಕೊಟ್ಟು ಸಂದೇಹವನ್ನು ಮಾತ್ರ ತಿಳಿಸುತ್ತದೆ, ಇದು ಎಚ್ಚರಿಕೆ. ಎರಡನೆಯದು ಹಗುರವಾದುದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಾಸ್ತವವಾಗಿ ದೋಷವು ನಮಗೆ ಕೇಡು ಮಾಡಲಾರದು, ಏಕೆಂದರೆ ಅದು ಪ್ರೋಗ್ರಾಮು ಹೊರಡುವುದಕ್ಕೇ ಬಿಡುವುದಿಲ್ಲ. ತೋಟದವರೆಗೂ ಹೋಗಿ ಕೇಡು ಮಾಡಬಲ್ಲದ್ದು ಎಚ್ಚರಿಕೆಯೊಂದೇ.

ಇನ್ನು ಅಂಕಿಯ ವಿಷಯ. ಗಣಕಯಂತ್ರವು ಸಂಖ್ಯೆಗಳನ್ನು ದ್ವಿಮಾನ ಪದ್ಧತಿಯಲ್ಲಿ, ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಇಡುತ್ತದೆ. ಪ್ರತಿಯೊಂದು ಸಂಖ್ಯೆಗೂ ಇಂತಿಷ್ಟೇ ಮನೆಗಳು. ಈ ಮನೆಗೆ ಬಿಟ್ ಎಂದು ಹೆಸರು. ಎಂಟು ಬಿಟ್ಟುಗಳಿದ್ದರೆ 0 ಯಿಂದ 255 ರವರೆಗೆ, ಹದಿನಾರಿದ್ದರೆ 0 ಯಿಂದ 65535 ರವರೆಗೆ ಎಣಿಸಬಹುದು. ಋಣಸಂಖ್ಯೆಗಳೂ ಬೇಕೆಂದಾಗ ಅತ್ಯಂತ ಎಡಗಡೆಯ ಮನೆಗೆ ಋಣದ ಬೆಲೆಯನ್ನು ಕೊಡುವುದು ರೂಢಿ. ಹದಿನಾರು ಬಿಟ್ಟುಗಳ ಸಂಖ್ಯೆಯಲ್ಲಿ ಆ ಮನೆಯ ಬೆಲೆ −32768. ಉಳಿದ ಹದಿನೈದು ಮನೆಗಳೂ ಎಂದಿನಂತೆ ಧನವೇ. ಆದಕಾರಣ ಇಂಥ ಸಂಖ್ಯೆಯ ಎಲ್ಲೆ −32768 ರಿಂದ 32767 ರವರೆಗೆ.

ಪಾತ್ರೆಗೆ ಹಿಡಿಸದಷ್ಟು ಸುರಿದರೆ ಏನಾಗುತ್ತದೆ? ರಾಗಿಯನ್ನು ಅಳೆಯುವಾಗ ಸೇರಿಗೆ ಹೆಚ್ಚು ಸುರಿದರೆ ಮಿಕ್ಕಿದ್ದು ಹೊರಗೆ ಚೆಲ್ಲುತ್ತದೆ, ಸೇರು ಮಾತ್ರ ತುಂಬಿಯೇ ಇರುತ್ತದೆ. ಗಣಕಯಂತ್ರದಲ್ಲಿ ಹಾಗಲ್ಲ. ಅದು ಎಡಗಡೆಯ ದೊಡ್ಡ ಬೆಲೆಯ ಅಂಕಿಗಳನ್ನು ಎಸೆದು, ಬಲಗಡೆಯ ಚಿಲ್ಲರೆಯನ್ನು ಉಳಿಸಿಕೊಳ್ಳುತ್ತದೆ. ಸೈಕಲ್ಲಿನ ಅಥವಾ ಮೋಟಾರು ವಾಹನದ ಮೈಲಿಯೆಣಿಕೆಯು 99999 ಆದ ಮೇಲೆ 00000 ಆಗುವುದನ್ನು ಕಂಡವರಿಗೆ ಇದು ಪರಿಚಿತವಾದ ಸಂಗತಿ. ತುಂಬಿದ ಪಾತ್ರೆಯು ಬರಿದಾಗಿ ಕಾಣಿಸಿಕೊಳ್ಳುವುದು, ಅಧಿಕವು ಋಣವಾಗಿ ತೋರುವುದು ಈ ಕಾರಣದಿಂದಲೇ.

ಅಲೀಪುರದಲ್ಲಿ ಹರಳು ಉಜ್ಜುವ, ಮಾರುವ ಕಸುಬು ಬಹಳ ಜನಕ್ಕೆ ಜೀವನ. ಹರಳನ್ನು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಅದರ ಮಿತಿಗಿಂತ ಹೆಚ್ಚಿನ ಭಾರವನ್ನಿಟ್ಟರೆ ಅದು ಸುಳ್ಳು ತೂಕವನ್ನು ತೋರಿಸುವುದಿಲ್ಲ. ಅಂಕಿಯ ಬದಲು ಒಂದು ಗುರುತನ್ನು ತೋರಿಸಿ, ನನ್ನಿಂದಾಗದು ಎಂದುಬಿಡುತ್ತದೆ. ಸಿ ಭಾಷೆಯ ಯಂತ್ರಕ್ಕೆ ಓಡುವ ಕಾಲದಲ್ಲಿ ಈ ಪ್ರಾಮಾಣಿಕತೆ ಇಲ್ಲ. ಅದು ಹೇಳುವುದೇನಿದ್ದರೂ ಭಾಷಾಂತರದ ಕಾಲದಲ್ಲಿ, ಕಂಪೈಲರಿನ ಬಾಯಿಂದ, ಒಂದೇ ಒಂದು ಸಲ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಬೋರ್ಡಿನ ಗಡಿಯಾರವು ಮಿಲಿಸೆಕೆಂಡುಗಳನ್ನು ಎಣಿಸುತ್ತದೆ. ಆದ್ದರಿಂದ ವಿದ್ಯಾರ್ಥಿಗಳು ಮಿತಿಯನ್ನು 30 × 1000 ಎಂದು ಬರೆದಿದ್ದರು. ನಾವು ಕೊಂಡ ಅಗ್ಗದ ಬೋರ್ಡು ಎಂಟು ಬಿಟ್ಟಿನ ಜಾತಿಯದು; ಅದರಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ ಹದಿನಾರೇ ಬಿಟ್ಟುಗಳು. ಮೂವತ್ತು ಸಾವಿರವು 32767 ರ ಒಳಗಿರುವುದರಿಂದ ಯಾವ ತೊಂದರೆಯೂ ಆಗಲಿಲ್ಲ. ಅರವತ್ತು ಸಾವಿರವು ಎಲ್ಲೆಯನ್ನು ಮೀರಿತು. ಅದರ ದ್ವಿಮಾನ ರೂಪ 1110101001100000. ಎಡಗಡೆಯ ಮೊದಲ ಅಂಕಿ 1 ಆಗಿರುವುದನ್ನು ವಾಚಕರು ಗಮನಿಸಬೇಕು. ಅದರ ಬೆಲೆ −32768. ಉಳಿದ ಮನೆಗಳ ಒಟ್ಟು ಬೆಲೆ 27232. ಎರಡನ್ನೂ ಕೂಡಿದರೆ −5536. ಕಂಪೈಲರು ಮುದ್ರಿಸಿದ್ದೂ ಇದನ್ನೇ. (ಸಿ ಭಾಷೆಯ ನಿಯಮಾವಳಿಯು, ಚಿಹ್ನೆಯುಳ್ಳ ಸಂಖ್ಯೆ ಉಕ್ಕಿದಾಗ ಇಂಥದೇ ಫಲ ಬರುವುದೆಂಬ ಭರವಸೆಯನ್ನೇ ಕೊಡುವುದಿಲ್ಲ. ನಮಗೆ ಸಿಕ್ಕಿದ್ದು ಆ ಕಂಪೈಲರಿನ ರೂಢಿಯಂತೆ ಬಂದ ಫಲ.)

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮಿತಿಯನ್ನು ಇಡಲು ವಿದ್ಯಾರ್ಥಿಗಳು ಮೂವತ್ತೆರಡು ಬಿಟ್ಟುಗಳ, ಚಿಹ್ನೆಯಿಲ್ಲದ ದೊಡ್ಡ ಪಾತ್ರೆಯನ್ನೇ ಆರಿಸಿದ್ದರು. ಋಣಸಂಖ್ಯೆಯನ್ನು ಇಂಥ ಪಾತ್ರೆಗೆ ಸುರಿದರೆ, ಮೈಲಿಯೆಣಿಕೆಯನ್ನು ಸೊನ್ನೆಯಿಂದ ಹಿಂದಕ್ಕೆ ತಿರುಗಿಸಿದಂತೆ, ಅದು ಎಲ್ಲೆಯ ತುತ್ತತುದಿಯಿಂದ ಕೆಳಗಿಳಿಯುತ್ತದೆ. 4294967296 ರಿಂದ 5536 ನ್ನು ಕಳೆದರೆ 4294961760. ಇಷ್ಟು ಮಿಲಿಸೆಕೆಂಡುಗಳೆಂದರೆ 49 ದಿನ 17 ಗಂಟೆ! ಸಂದೇಶವಿಲ್ಲದೆ ಒಂದು ನಿಮಿಷ ಕಾಯಬೇಕಾದ ಪೆಟ್ಟಿಗೆಯು ನಲವತ್ತೊಂಬತ್ತು ದಿನಗಳ ಕಾಲ ಕಾಯಲು ನಿಷ್ಠೆಯಿಂದ ಸಿದ್ಧವಾಗಿತ್ತು. ಅಂಕಿ ಉಕ್ಕಿದ್ದರಿಂದ ತೊಟ್ಟಿ ಉಕ್ಕಿತು.

ಇಂಥ ಎಚ್ಚರಿಕೆಯನ್ನು ಪರೀಕ್ಷಿಸುವುದು ಹೇಗೆ? ವೈದ್ಯನು ಮೊದಲು ರೋಗಿಯ ವಯಸ್ಸನ್ನು ಕೇಳುವಂತೆ, ಇಲ್ಲಿ ಮೊದಲು ಯಂತ್ರದ ಅಗಲವನ್ನು ಕೇಳಬೇಕು. ನಾವು ಹಾಗೆ ಮಾಡದೆ ಎರಡು ದಿನ ದಾರಿ ತಪ್ಪಿದೆವು. ಮೋಟಾರು ಸುಟ್ಟ ಮೇಲೆ ಅದೇ ಪ್ರೋಗ್ರಾಮನ್ನು ಪ್ರಯೋಗಶಾಲೆಯಲ್ಲಿದ್ದ ಬೇರೊಂದು ಬೋರ್ಡಿಗೆ ಭಾಷಾಂತರಿಸಿ ನೋಡಿದಾಗ ಎಚ್ಚರಿಕೆಯೂ ಇಲ್ಲ, ದೋಷವೂ ಇಲ್ಲ. ಅರವತ್ತನೆಯ ಸೆಕೆಂಡಿಗೆ ಸರಿಯಾಗಿ ದೀಪ ಆರಿತು! ಆ ಬೋರ್ಡಿನಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ ಮೂವತ್ತೆರಡು ಬಿಟ್ಟುಗಳಿದ್ದವು. ಅರವತ್ತು ಸಾವಿರಕ್ಕೆ ಅಲ್ಲಿ ಧಾರಾಳವಾದ ಸ್ಥಳ. ಒಂದೇ ಸಾಲು ಒಂದು ಯಂತ್ರದಲ್ಲಿ ನಿಜ, ಇನ್ನೊಂದರಲ್ಲಿ ಸುಳ್ಳು. ಎಚ್ಚರಿಕೆಯು ಸಾಲಿನ ಗುಣವಲ್ಲ. ಸಾಲು ಮತ್ತು ಯಂತ್ರ ಇವೆರಡರ ಸಂಬಂಧದ ಗುಣ.

ಎರಡನೆಯದಾಗಿ, ಉಕ್ಕಿದ್ದು ಲೆಕ್ಕದ ನಡುವೆಯೋ ಅಥವಾ ಫಲವನ್ನು ಪಾತ್ರೆಯಲ್ಲಿಡುವಾಗಲೋ ಎಂಬುದನ್ನು ತಿಳಿಯಬೇಕು. ಕಂಪೈಲರು ಇದನ್ನೂ ಹೇಳುತ್ತದೆ: ಮೊದಲನೆಯದಕ್ಕೆ 'ಎಕ್ಸ್‌ಪ್ರೆಷನ್' ಎಂಬ ಪದ, ಎರಡನೆಯದಕ್ಕೆ 'ಕನ್ವರ್ಷನ್' ಎಂಬ ಪದ. ಹೊಸಬರು ಇಲ್ಲಿ ಎಡವುತ್ತಾರೆ. ಉಕ್ಕಿದೆಯೆಂದೊಡನೆ ಕೊನೆಯ ಪಾತ್ರೆಯನ್ನು ದೊಡ್ಡದು ಮಾಡಲು ಹೊರಡುತ್ತಾರೆ. ನಮ್ಮ ಪಾತ್ರೆ ಆಗಲೇ ದೊಡ್ಡದಾಗಿತ್ತು, ಅದರಿಂದೇನೂ ಪ್ರಯೋಜನವಾಗಲಿಲ್ಲ. ಎರಡು ಸಣ್ಣ ಸಂಖ್ಯೆಗಳನ್ನು ಗುಣಿಸುವಾಗ ಸಿ ಭಾಷೆಯು ಆ ಸಂಖ್ಯೆಗಳ ಅಗಲವನ್ನು ನೋಡುತ್ತದೆಯೇ ಹೊರತು ಫಲವು ಎಲ್ಲಿಗೆ ಹೋಗಲಿದೆ ಎಂಬುದನ್ನು ನೋಡುವುದಿಲ್ಲ. ಹಾಲು ಕಾಯಿಸುವ ಪಾತ್ರೆಯಲ್ಲೇ ಉಕ್ಕಿಹೋದ ಮೇಲೆ ಸುರಿದಿಡುವ ಪಾತ್ರೆ ಎಷ್ಟು ದೊಡ್ಡದಿದ್ದರೇನು? ಆದಕಾರಣ ಗುಣಿಸುವ ಸಂಖ್ಯೆಗಳಲ್ಲಿ ಒಂದನ್ನು ಮೊದಲೇ ಅಗಲ ಮಾಡಬೇಕು. 60 ಎಂಬ ಅಂಕಿಯ ಬೆನ್ನಿಗೆ 'ಯು' ಮತ್ತು 'ಎಲ್' ಎಂಬ ಎರಡು ಇಂಗ್ಲಿಷ್ ಅಕ್ಷರಗಳನ್ನು ಹಚ್ಚಿದರೆ ಸಾಕು. ಅದು ಚಿಹ್ನೆಯಿಲ್ಲದ ದೀರ್ಘ ಸಂಖ್ಯೆಯಾಗುತ್ತದೆ, ಜೊತೆಯ ಸಂಖ್ಯೆಯೂ ಅದಕ್ಕೆ ಸರಿಯಾಗಿ ಅಗಲವಾಗುತ್ತದೆ. ಸುಟ್ಟ ಮೋಟಾರಿಗೆ ಬೇಕಾಗಿದ್ದ ಪರಿಹಾರವು ಎರಡಕ್ಷರದ್ದು.

ಒಬ್ಬ ವಿದ್ಯಾರ್ಥಿ ಬೇರೊಂದು ದಾರಿಯನ್ನು ಹಿಡಿದ. ನಿಮಿಷಗಳನ್ನು ಒಂದು ಚರಸಂಖ್ಯೆಯಾಗಿ ಮಾಡಿ, ಅದನ್ನು 60 ರಿಂದಲೂ 1000 ದಿಂದಲೂ ಗುಣಿಸಿದ. ಎಚ್ಚರಿಕೆ ಮಾಯವಾಯಿತು, ಅವನಿಗೆ ಬಹಳ ಸಂತೋಷವಾಯಿತು. ಆದರೆ ದೀಪ ಆರಲಿಲ್ಲ. ಇದರ ಕಾರಣವನ್ನು ಚೆನ್ನಾಗಿ ಅರಿತುಕೊಳ್ಳಬೇಕು. ಈ ಎಚ್ಚರಿಕೆಯು ಸ್ಥಿರಾಂಕಗಳಿಗೆ ಮಾತ್ರ ಸಂಬಂಧಪಟ್ಟದ್ದು. 60 ನ್ನು 1000 ದಿಂದ ಗುಣಿಸೆಂದರೆ ಕಂಪೈಲರು ತಾನೇ ಗುಣಿಸಿ ನೋಡಬಲ್ಲದು. ಚರಸಂಖ್ಯೆಯ ಬೆಲೆಯು ಓಡುವ ಕಾಲದಲ್ಲಿ ತಿಳಿಯತಕ್ಕದ್ದು. ಅದರ ಬಗ್ಗೆ ಕಂಪೈಲರು ಮೌನ ವಹಿಸುತ್ತದೆ. ಉಷ್ಣಮಾಪಕವನ್ನು ಒಡೆದರೆ ಜ್ವರ ಇಳಿಯುವುದಿಲ್ಲವಷ್ಟೆ.

ಈ ಅನುಭವದ ಮೇಲೆ ನಾವು ಬಾವಿಯ ಪೆಟ್ಟಿಗೆಯ ಇಡೀ ಪ್ರೋಗ್ರಾಮನ್ನು, ವಿಶೇಷವಾಗಿ ನಿಸ್ತಂತು ಚಿಪ್ಪನ್ನು ನಡೆಸುವ ಭಾಗವನ್ನು, ಎಚ್ಚರಿಕೆಗಳೆಲ್ಲ ಕಾಣುವಂತೆ ಮತ್ತೆ ಭಾಷಾಂತರಿಸಿದೆವು. ಚಿಪ್ಪಿನ ಒಳಗೆ ಎಂಟೆಂಟು ಬಿಟ್ಟುಗಳ ರಿಜಿಸ್ಟರುಗಳಿರುತ್ತವೆ. ಒಂದೊಂದು ಬಿಟ್ಟೂ ಒಂದೊಂದು ಗುಂಡಿಯಿದ್ದಂತೆ. ಉಳಿದ ಏಳನ್ನು ಮುಟ್ಟದೆ ಒಂದು ಗುಂಡಿಯನ್ನು ಮಾತ್ರ ಆರಿಸಬೇಕಾದರೆ, ಆ ಒಂದು ಮನೆಯಲ್ಲಿ ಸೊನ್ನೆಯೂ ಉಳಿದೆಡೆ ಒಂದೂ ಇರುವ ಸಂಖ್ಯೆಯನ್ನು ಜರಡಿಯಂತೆ ಹಿಡಿಯುತ್ತಾರೆ. 8 ರ ಬಿಟ್ಟುಗಳನ್ನೆಲ್ಲ ತಿರುವು ಮುರುವು ಮಾಡಿದರೆ ಇಂಥ ಜರಡಿ ಸಿಗುತ್ತದೆ. ಆದರೆ ಆ 8 ನ್ನು ಮೂವತ್ತೆರಡು ಬಿಟ್ಟುಗಳ ಸಂಖ್ಯೆಯಾಗಿ ಬರೆದಿದ್ದುದರಿಂದ ತಿರುವಿದ ಫಲವು 4294967287 ಆಗಿತ್ತು. ಅದನ್ನು ಎಂಟು ಬಿಟ್ಟಿನ ಪಾತ್ರೆಗೆ ಇಟ್ಟಾಗ ಬೆಲೆಯು 247 ಕ್ಕೆ ಬದಲಾಯಿತೆಂದು ಕಂಪೈಲರು ಎಚ್ಚರಿಸಿತು. ನೋಡಿದರೆ ಎದೆ ನಡುಗಿಸುವ ಸಂಖ್ಯೆ. ಆದರೆ 247 ರ ದ್ವಿಮಾನ ರೂಪ 11110111. ನಮಗೆ ಬೇಕಾಗಿದ್ದ ಜರಡಿಯೇ ಅದು! ಕಳೆದುಹೋದ ಇಪ್ಪತ್ತನಾಲ್ಕು ಬಿಟ್ಟುಗಳೂ ಬರಿಯ ತುಂಬುಗಾಯಿಗಳು.

ಲಿನಕ್ಸ್ ಎಂಬ ಪ್ರಸಿದ್ಧ ಕಾರ್ಯವ್ಯವಸ್ಥೆಯ ನಿಸ್ತಂತು ಭಾಗಗಳನ್ನು ಬರೆಯುವವರಿಗೆ ಈ ಜಾತಿಯ ಎಚ್ಚರಿಕೆ ಬಹು ಪರಿಚಿತವಾದುದು. ಅಲ್ಲಿ ಒಂದು ಬಿಟ್ಟನ್ನು ಗುರುತಿಸುವ ಸಂಕ್ಷೇಪವು ದೀರ್ಘ ಸಂಖ್ಯೆಯಾಗಿಯೇ ವ್ಯಾಖ್ಯೆಗೊಂಡಿದೆ. ಅರವತ್ತನಾಲ್ಕು ಬಿಟ್ಟುಗಳ ಯಂತ್ರದಲ್ಲಿ ಇದೇ ಜರಡಿಯ ಎಚ್ಚರಿಕೆಯು 18446744073709551607 ಎಂಬ ಇಪ್ಪತ್ತಂಕಿಯ ಸಂಖ್ಯೆಯೊಡನೆ ಬರುತ್ತದೆ. ಸಂಖ್ಯೆಯ ಗಾತ್ರವನ್ನು ನೋಡಿ ಭಯಪಡಬಾರದು, ಉಳಿದುದೇನೆಂಬುದನ್ನು ನೋಡಬೇಕು.

ಅದರ ಮಗ್ಗುಲಲ್ಲೇ ಇನ್ನೊಂದು ಎಚ್ಚರಿಕೆಯಿತ್ತು. ಅದರ ಸಂಖ್ಯೆ ಸಣ್ಣದು: 256 ಎಂಬುದು 0 ಆಯಿತು ಎಂದಷ್ಟೇ. ಚಿಪ್ಪಿನ ಕೈಪಿಡಿಯನ್ನು ತಪ್ಪಾಗಿ ಓದಿದ ವಿದ್ಯಾರ್ಥಿಯೊಬ್ಬ, ಎಂಟು ಗುಂಡಿಗಳ ಸಾಲಿನಲ್ಲಿ ಒಂಬತ್ತನೆಯ ಗುಂಡಿಯನ್ನು ಒತ್ತಲು ಹೊರಟಿದ್ದ. ಒಂಬತ್ತನೆಯ ಮನೆಯಲ್ಲಿದ್ದ ಒಂದೇ ಒಂದು ಬಿಟ್ಟು ಕಳೆದುಹೋಗಿ ಏನೂ ಉಳಿಯಲಿಲ್ಲ. ಸಂದೇಶವು ತಲಪಿತೆಂಬ ರಸೀದಿಯನ್ನು ಕೇಳಿ ಪಡೆಯುವ ಏರ್ಪಾಟು ನಮ್ಮ ಪೆಟ್ಟಿಗೆಯಲ್ಲಿ ಮೊದಲಿನಿಂದಲೂ ಕೆಲಸ ಮಾಡಿರಲೇ ಇಲ್ಲ. ಕಾರಣವು ಆಗ ತಿಳಿದುಬಂದಿತು. ಎರಡು ಎಚ್ಚರಿಕೆಗಳ ಮಾತೂ ಒಂದೇ; ಒಂದು ನಿರಪಾಯ, ಇನ್ನೊಂದು ಅಪಾಯ. ಇವೆರಡನ್ನು ಬೇರ್ಪಡಿಸುವ ಪ್ರಶ್ನೆಯೊಂದೇ: ಕಳೆದುಹೋದ ಬಿಟ್ಟುಗಳಿಗೆ ಅರ್ಥವಿತ್ತೇ, ಇಲ್ಲವೇ? ಈ ಪ್ರಶ್ನೆಗೆ ಕಂಪೈಲರು ಉತ್ತರ ಕೊಡಲಾರದು. ಬರೆದವನು ಕೈಪಿಡಿಯನ್ನು ತೆರೆದು ಉತ್ತರ ಕಂಡುಕೊಳ್ಳಬೇಕು. ಅರ್ಥವಿಲ್ಲವೆಂದು ಖಚಿತವಾದ ಮೇಲೆ, ಎಂಟೇ ಬಿಟ್ಟುಗಳಿಗೆ ಮೊಟಕುಮಾಡು ಎಂದು ಬಾಯಿಬಿಟ್ಟು ಬರೆಯಬಹುದು. ಆಗ ಎಚ್ಚರಿಕೆ ನಿಲ್ಲುತ್ತದೆ. ಖಚಿತವಾಗುವ ಮೊದಲೇ ಹಾಗೆ ಬರೆಯುವುದನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಅದು ಕಾವಲು ನಾಯಿ ಬೊಗಳಿತೆಂದು ಅದರ ಬಾಯಿ ಕಟ್ಟಿದಂತೆ.

ನಿಸ್ತಂತು ಕೆಲಸದಲ್ಲಿ ಚಿಹ್ನೆಯ ತೊಡಕು ಇನ್ನೊಂದು. ಬಂದ ಅಲೆಯ ಬಲವನ್ನು ಒಂದು ಮಿಲಿವಾಟಿಗೆ ಹೋಲಿಸಿ ಡೆಸಿಬೆಲ್ಲುಗಳಲ್ಲಿ ಹೇಳುವುದು ಕ್ರಮ. ಮಿಲಿವಾಟಿಗೆ ಸಮವಾದರೆ ಸೊನ್ನೆ, ಹತ್ತರಲ್ಲೊಂದು ಪಾಲಾದರೆ −10, ನೂರರಲ್ಲೊಂದಾದರೆ −20. ನಮ್ಮ ತೋಟದಲ್ಲಿ ಸಾಮಾನ್ಯವಾಗಿ ಬರುತ್ತಿದ್ದುದು −70. ಅಂದರೆ ಮಿಲಿವಾಟಿನ ಕೋಟಿಯಲ್ಲೊಂದು ಪಾಲು. ಇಷ್ಟು ಕ್ಷೀಣವಾದ ಅಲೆಯಿಂದ ಸಂದೇಶವನ್ನು ಎತ್ತುವುದು ಆಧುನಿಕ ವಿದ್ಯೆಯ ವಿಸ್ಮಯವೇ ಸರಿ. ಚಿಪ್ಪು ಈ −70 ನ್ನು ಎಂಟು ಬಿಟ್ಟುಗಳಲ್ಲಿ ಒಪ್ಪಿಸುತ್ತದೆ. ಅದೇ ಎಂಟು ಬಿಟ್ಟುಗಳನ್ನು ಚಿಹ್ನೆಯಿಲ್ಲದ ಪಾತ್ರೆಯಲ್ಲಿ ಹಿಡಿದರೆ 186 ಎಂದು ತೋರುತ್ತದೆ. ಬಲವು −80 ಕ್ಕಿಂತ ಕುಗ್ಗಿದರೆ ಕೆಂಪು ದೀಪ ಬೆಳಗಲಿ ಎಂದು ಬರೆದಿದ್ದೆವು. 186 ಎಂದಿಗೂ −80 ಕ್ಕಿಂತ ಕಡಮೆಯಾಗದು, ದೀಪ ಎಂದಿಗೂ ಬೆಳಗದು. ಮರಗಳ ನೆರಳಿನಲ್ಲಿ ಸಂದೇಶಗಳು ತಪ್ಪುತ್ತಿದ್ದಾಗ ಆ ದೀಪವೇನಾದರೂ ಬೆಳಗಿದ್ದರೆ ನಾವು ಆಂಟೆನಾವನ್ನು ಎತ್ತರಿಸುತ್ತಿದ್ದೆವು, ಮೂವತ್ತನ್ನು ಅರವತ್ತು ಮಾಡುವ ಪ್ರಸಂಗವೇ ಬರುತ್ತಿರಲಿಲ್ಲ. ಗಾಳಿಯಲ್ಲಿ ಬರುವ ಬೆಲೆಯು ಸ್ಥಿರಾಂಕವಲ್ಲವಾದ್ದರಿಂದ ಇಲ್ಲಿ ಉಕ್ಕಿನ ಎಚ್ಚರಿಕೆ ಬರುವುದಿಲ್ಲ. ಈ ಹೋಲಿಕೆ ಸದಾ ಸುಳ್ಳು ಎಂಬ ಬೇರೆ ಎಚ್ಚರಿಕೆಯನ್ನು ಕೇಳಿ ಪಡೆಯಬೇಕು. ಸಿ ಭಾಷೆಯ 'ಕ್ಯಾರ್' ಎಂಬ ಎಂಟು ಬಿಟ್ಟಿನ ಪಾತ್ರೆಯಂತೂ ಕೆಲವು ಯಂತ್ರಗಳಲ್ಲಿ ಚಿಹ್ನೆಯುಳ್ಳದ್ದು, ಆರ್ಮ್ ಜಾತಿಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಚಿಹ್ನೆಯಿಲ್ಲದ್ದು. ಅಲೆಯ ಬಲವನ್ನು ಅದರಲ್ಲಿ ಹಿಡಿಯುವವರು ಮೊದಲೇ ಯೋಚಿಸಬೇಕು.

ನಮ್ಮ ತಾಲ್ಲೂಕಿಗೆ ನಿಸ್ತಂತು ಅಳತೆಯ ಕೆಲಸ ಹೊಸದಲ್ಲ. ಗೌರಿಬಿದನೂರಿನ ಬಳಿ 1965 ರಲ್ಲಿ ಭೂಕಂಪನ ಮಾಪಕಗಳ ವ್ಯೂಹವೊಂದು ಸ್ಥಾಪಿತವಾಯಿತು. ದೂರದ ಭೂಕಂಪಗಳನ್ನೂ ಭೂಗತ ಪರಮಾಣು ಸ್ಫೋಟಗಳನ್ನೂ ಬೇರ್ಪಡಿಸಿ ಗುರುತಿಸುವುದು ಅದರ ಉದ್ದೇಶ. ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ, ಎರಡು ತೋಳುಗಳ ಉದ್ದಕ್ಕೂ ಇಪ್ಪತ್ತು ಮಾಪಕಗಳನ್ನು ಹೂಡಿ, ಅವುಗಳ ಸಂಜ್ಞೆಗಳನ್ನು ನಿಸ್ತಂತು ಮಾರ್ಗದಿಂದ ಕೇಂದ್ರದ ಪ್ರಯೋಗಶಾಲೆಗೆ ತರುವ ಏರ್ಪಾಟು. ಇದನ್ನು ಇಲ್ಲಿ ನೆನೆಯಲು ಕಾರಣವುಂಟು. ಅಂಕಿಗಳ ಕಾಲಕ್ಕೆ ಮೊದಲಿನ ಉಪಕರಣಗಳಲ್ಲಿ ಸಂಜ್ಞೆಯು ಎಲ್ಲೆ ಮೀರಿದರೆ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತಿತ್ತು. ಚಿತ್ರವನ್ನು ಕಂಡ ಯಾರಿಗಾದರೂ ಇಲ್ಲಿ ಏನೋ ಮೀರಿದೆಯೆಂಬುದು ಗೊತ್ತಾಗುತ್ತಿತ್ತು. ಅಂಕಿಯ ಉಪಕರಣದಲ್ಲಿ ಎಚ್ಚರವಹಿಸದಿದ್ದರೆ ಶಿಖರವು ಕಣಿವೆಯಾಗಿಬಿಡುತ್ತದೆ. ಕಣಿವೆಯೂ ಸಹಜವಾಗಿಯೇ ಕಾಣುತ್ತದೆ. ಆದಕಾರಣ ಅಳತೆಯ ಉಪಕರಣಗಳಲ್ಲಿ, ಮೀರಿದರೆ ಎಲ್ಲೆಯಲ್ಲೇ ನಿಲ್ಲುವಂತೆ ಉದ್ದೇಶಪೂರ್ವಕವಾಗಿ ಬರೆಯುವುದು ಒಳ್ಳೆಯ ಪದ್ಧತಿ. ನಾವೂ ನೀರಿನ ಮಟ್ಟದ ಅಂಕಿಗೆ ಹಾಗೆಯೇ ಮಾಡಿದೆವು.

ದೊಡ್ಡವರೂ ಎಡವಿದ್ದಾರೆ. 1996 ರ ಜೂನ್ 4 ರಂದು ದಕ್ಷಿಣ ಅಮೆರಿಕದ ಕೂರುವಿನಿಂದ ಹಾರಿದ ಐರೋಪ್ಯರ ಆರಿಯಾನ್-5 ರಾಕೆಟ್ಟು ಸುಮಾರು ನಲವತ್ತು ಸೆಕೆಂಡುಗಳಲ್ಲಿ ನಾಶವಾಯಿತು. ಅಡ್ಡವೇಗಕ್ಕೆ ಸಂಬಂಧಿಸಿದ ಅರವತ್ತನಾಲ್ಕು ಬಿಟ್ಟಿನ ದಶಮಾಂಶ ಸಂಖ್ಯೆಯೊಂದನ್ನು ಹದಿನಾರು ಬಿಟ್ಟಿನ ಪೂರ್ಣಾಂಕಕ್ಕೆ ಇಳಿಸುವಾಗ ಅದು ಹಿಡಿಸಲಿಲ್ಲ. ಅಲ್ಲಿನ ಭಾಷೆ ಬೇರೆ. ಅದು ನಮ್ಮ ಪೆಟ್ಟಿಗೆಯಂತೆ ಸುಮ್ಮನೆ ಸುಳ್ಳು ಅಂಕಿಯನ್ನು ಕೊಡದೆ ಕೂಗಿಕೊಂಡಿತು. ಕೂಗನ್ನು ಕೇಳಿ ಸಮಾಧಾನ ಹೇಳುವ ಏರ್ಪಾಟಿಲ್ಲದ್ದರಿಂದ ದಿಕ್ಕು ತೋರುವ ಗಣಕವೇ ಕೆಲಸ ನಿಲ್ಲಿಸಿತು. ಅದರ ಜೋಡಿಯೂ ಅದೇ ಪ್ರೋಗ್ರಾಮನ್ನು ಹೊತ್ತದ್ದರಿಂದ ಅದೂ ನಿಂತಿತು. ಆ ಸಾಲು ಹಳೆಯ ಆರಿಯಾನ್-4 ರಲ್ಲಿ ನಿರ್ದೋಷವಾಗಿಯೇ ನಡೆದಿತ್ತು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. ಮೂವತ್ತು ಸೆಕೆಂಡಿಗೆ ಸರಿಯಿದ್ದ ನಮ್ಮ ಸಾಲು ಅರವತ್ತಕ್ಕೆ ಕೆಟ್ಟಂತೆಯೇ ಇದೂ.

ಹಾಗೆಂದು ಉಕ್ಕುವುದೆಲ್ಲವೂ ಕೇಡಲ್ಲ. ರಾತ್ರಿ ಹನ್ನೊಂದಕ್ಕೆ ಹೊರಟ ರೈಲು ಎರಡಕ್ಕೆ ತಲಪಿದರೆ ಮೂರು ಗಂಟೆಯ ಪ್ರಯಾಣವೆಂದು ನಾವು ತಡವರಿಸದೆ ಹೇಳುತ್ತೇವೆ. ಗಡಿಯಾರವು ಹನ್ನೆರಡಾದ ಮೇಲೆ ಒಂದಕ್ಕೆ ಹೋಯಿತೆಂದು ಗೊಂದಲಪಡುವುದಿಲ್ಲ. ವೈಫೈ ಸಂದೇಶಗಳ ಕ್ರಮಸಂಖ್ಯೆಗೆ ಹನ್ನೆರಡೇ ಬಿಟ್ಟುಗಳು. 4095 ಆದ ಮೇಲೆ ಮತ್ತೆ 0. ಇದು ತಿಳಿದೇ ಮಾಡಿದ ಏರ್ಪಾಟು. ಬೋರ್ಡಿನ ಮಿಲಿಸೆಕೆಂಡಿನ ಎಣಿಕೆಯೂ ನಲವತ್ತೊಂಬತ್ತು ದಿನ ಕಳೆದು ಐವತ್ತನೆಯ ದಿನದಲ್ಲಿ ಸೊನ್ನೆಗೆ ಮರಳುತ್ತದೆ. ಆಗಲೂ, ಈಗಿನ ಎಣಿಕೆಯಿಂದ ಹಿಂದಿನ ಸಂದೇಶದ ಎಣಿಕೆಯನ್ನು ಕಳೆದು ಅಂತರವನ್ನು ಮಿತಿಯೊಡನೆ ಹೋಲಿಸಿದರೆ ಫಲ ಸರಿಯಾಗಿಯೇ ಬರುತ್ತದೆ, ಏಕೆಂದರೆ ಚಿಹ್ನೆಯಿಲ್ಲದ ಸಂಖ್ಯೆಗಳು ಗಡಿಯಾರದಂತೆ ಸುತ್ತುತ್ತವೆಂಬುದು ಭಾಷೆಯ ಖಚಿತ ನಿಯಮ. ಹಾಗೆ ಮಾಡದೆ, ಹಿಂದಿನ ಎಣಿಕೆಗೆ ಮಿತಿಯನ್ನು ಕೂಡಿಸಿ ಈಗಿನ ಎಣಿಕೆಯೊಡನೆ ಹೋಲಿಸಿದರೆ ಸುತ್ತುವ ಗಳಿಗೆಯಲ್ಲಿ ಕೆಡುತ್ತದೆ. ಬೀಜಗಣಿತದಲ್ಲಿ ಎರಡೂ ಒಂದೇ, ಯಂತ್ರದಲ್ಲಿ ಬೇರೆ ಬೇರೆ. ನಮ್ಮ ವಿದ್ಯಾರ್ಥಿಗಳು ಅದೃಷ್ಟವಶಾತ್ ಮೊದಲನೆಯ ರೀತಿಯಲ್ಲೇ ಬರೆದಿದ್ದರು.

ಸುತ್ತುವ ಗಳಿಗೆಯನ್ನು ಪರೀಕ್ಷಿಸಲು ಐವತ್ತು ದಿನ ಕಾಯುವವರು ಯಾರು? ಲಿನಕ್ಸನ್ನು ಬರೆದವರು ಇದಕ್ಕೊಂದು ಸೊಗಸಾದ ಉಪಾಯವನ್ನು ಮಾಡಿದ್ದಾರೆ. ಅದರ ಒಳಗಡಿಯಾರದ ಎಣಿಕೆಯನ್ನು ಸೊನ್ನೆಯಿಂದ ಆರಂಭಿಸದೆ, ಮೂವತ್ತೆರಡು ಬಿಟ್ಟುಗಳು ತುಂಬಲು ಐದು ನಿಮಿಷ ಉಳಿದಿರುವಂತೆ ಇಟ್ಟಿದ್ದಾರೆ. ಎಣಿಕೆಯನ್ನು ಮೂವತ್ತೆರಡು ಬಿಟ್ಟುಗಳಲ್ಲಿಡುವ ಯಂತ್ರದಲ್ಲಿ, ಸುತ್ತಿನ ಲೆಕ್ಕವನ್ನು ತಪ್ಪಾಗಿ ಬರೆದವನ ದೋಷವು ಯಂತ್ರ ಚಾಲೂ ಆದ ಐದು ನಿಮಿಷದಲ್ಲೇ ಅವನ ಕಣ್ಣೆದುರಿಗೆ ಬರುತ್ತದೆ.

ನಾವೂ ಅದನ್ನೇ ಅನುಸರಿಸಿದೆವು. ಯಜಮಾನರ ಮೋಟಾರು ಸುತ್ತಿಸಿ ಇಳಿಸಿದ ದಿನ, ಬಾವಿಯ ಪೆಟ್ಟಿಗೆಯ ಎಣಿಕೆಗೆ ಒಂದು ದೊಡ್ಡ ಅಂಕಿಯನ್ನು ಕೂಡಿಸಿ, ಸುತ್ತಲು ಐದು ನಿಮಿಷ ಉಳಿದಿರುವಂತೆ ಮಾಡಿದೆವು. ನಾಲ್ಕೂವರೆ ನಿಮಿಷವಾದಾಗ ಒಬ್ಬ ಹುಡುಗ ದಿಬ್ಬದ ಮೇಲೆ ತೊಟ್ಟಿಯ ಬ್ಯಾಟರಿಯನ್ನು ಕಿತ್ತು ಟಾರ್ಚು ಬೀಸಿದ. ಮೊದಲು ಎಚ್ಚರಿಕೆಯನ್ನು ತೋರಿಸಿದ್ದ ವಿದ್ಯಾರ್ಥಿನಿ ಕೈಗಡಿಯಾರವನ್ನು ಹಿಡಿದು ಎಣಿಸುತ್ತಿದ್ದಳು. ಎಣಿಕೆ ಸೊನ್ನೆಗೆ ಮರಳಿತು. ಮೋಟಾರು ಓಡುತ್ತಲೇ ಇತ್ತು. ಯಜಮಾನರು ಸ್ಟಾರ್ಟರಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. ಅರವತ್ತನೆಯ ಸೆಕೆಂಡಿಗೆ ರಿಲೇ ಟಕ್ಕೆಂದಿತು. ಕೊಳವೆಯಲ್ಲಿ ನೀರಿನ ಸದ್ದು ಅಡಗಿತು.